ಒಂದೂವರೆ ಮಿಲಿಮೀಟರಿನ ಬಿರುಕು: ಕಿವಿಯ ಪುಟ್ಟ ಮೂಳೆಗೆ ಸಿಮೆಂಟು ಹಾಕಿದ ಒಂದು ಪ್ರಕರಣ

"ಎಡಗಿವಿ ಸರಿಯಾಗಿ ಕೇಳಿಸಲ್ಲ ಡಾಕ್ಟ್ರೇ. ಆದ್ರೆ ಆಕಳಿಸಿದಾಗ ಒಂದು ಕ್ಷಣ ಚೆನ್ನಾಗಿ ಕೇಳಿಸುತ್ತೆ, ಆಮೇಲೆ ಮತ್ತೆ ಮುಚ್ಚಿದ ಹಾಗಾಗುತ್ತೆ."

ಮೊದಲ ದಿನ ಅವರು ಹೇಳಿದ್ದು ಇಷ್ಟೇ. ಕಿವಿ ಕೇಳಿಸಲ್ಲ ಅಂತ ದಿನಕ್ಕೆ ಹತ್ತು ಜನ ಬರುತ್ತಾರೆ. ಆಕಳಿಸಿದಾಗ ಕೇಳಿಸುತ್ತೆ ಅನ್ನುವವರು ಅಪರೂಪ. ನನ್ನ ಕಿವಿ ನಿಮಿರಿದ್ದು ಆ ಮಾತಿಗೆ.

ವಯಸ್ಸು 34, ಸಣ್ಣ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ. ಗುರುತು ಸಿಗಬಾರದೆಂದು ವೈಯಕ್ತಿಕ ವಿವರಗಳನ್ನು ಕೊಂಚ ಬದಲಿಸಿದ್ದೇನೆ. ಚಿಕ್ಕವರಿದ್ದಾಗ ಎಡಗಿವಿ ಆಗಾಗ ಸೋರುತ್ತಿತ್ತಂತೆ. ಹನ್ನೆರಡನೇ ವಯಸ್ಸಿಗೆ ತಾನಾಗಿ ನಿಂತಿತು. ಆಮೇಲೆ ನೋವಿಲ್ಲ, ಕೀವಿಲ್ಲ, ತಲೆಸುತ್ತಿಲ್ಲ. ನಾಲ್ಕು ವರ್ಷಗಳಿಂದ ಮಾತ್ರ ಕೇಳುವುದು ಕಡಿಮೆಯಾಗುತ್ತಾ ಬಂದಿದೆ. ತರಗತಿಯಲ್ಲಿ ಮಗು ಮಾತಾಡಿದ್ದು ಗೊತ್ತಾಗುತ್ತದೆ, ಆದರೆ ಯಾವ ಮೂಲೆಯಿಂದ ಅಂತ ತಿಳಿಯುವುದಿಲ್ಲ. ಒಂದೇ ಕಿವಿ ಕೆಲಸ ಮಾಡುವವರ ಪಾಡು ಇದು. ದಿಕ್ಕು ಹಿಡಿಯಲು ಎರಡೂ ಕಿವಿ ಬೇಕು.

ಪರೀಕ್ಷೆಯಲ್ಲಿ ಕಂಡದ್ದು

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಿವಿಪರದೆಗೆ ತೂತಿಲ್ಲ. ಆದರೆ ಹಿಂಬದಿಯ ಮೇಲ್ಭಾಗ ಈರುಳ್ಳಿ ಪೊರೆಯಷ್ಟು ತೆಳ್ಳಗಾಗಿ ಒಳಕ್ಕೆ ಸರಿದಿತ್ತು. ಹಳೆಯ ಸೋರುವಿಕೆ ಬಿಟ್ಟುಹೋದ ಗುರುತು. ಅಷ್ಟು ತೆಳ್ಳಗಿದ್ದದ್ದರಿಂದ ಒಂದು ಅನುಕೂಲವೂ ಆಯಿತು: ಅದರ ಆಚೆಗಿರುವುದು ಮಬ್ಬಾಗಿ ಕಾಣುತ್ತಿತ್ತು. ಇಂಕಸ್ ಮೂಳೆಯ ಉದ್ದ ಕಾಲು ಕೆಳಗಿಳಿದು ಬರುವುದು ಕಾಣಿಸಿತು, ಆದರೆ ಅದು ಮುಟ್ಟಬೇಕಾದ ಜಾಗವನ್ನು ಮುಟ್ಟಿರಲಿಲ್ಲ. ಮೊಂಡಾಗಿ ನಿಂತುಬಿಟ್ಟಿತ್ತು.

ನಡುಕಿವಿಯಲ್ಲಿ ಮೂರು ಮೂಳೆಗಳಿವೆ: ಸುತ್ತಿಗೆಯಂಥ ಮ್ಯಾಲಿಯಸ್, ಕಮ್ಮಾರನ ಅಡಿಗಲ್ಲಿನಂಥ ಇಂಕಸ್, ಕುದುರೆ ಸವಾರ ಕಾಲಿಡುವ ರಿಕಾಪಿನಂಥ ಸ್ಟೇಪಿಸ್. ಸ್ಟೇಪಿಸ್ ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ, ಎತ್ತರ ಸುಮಾರು 3 ಮಿಲಿಮೀಟರು. ಪರದೆ ಅಲುಗಿದರೆ ಸುತ್ತಿಗೆ ಅಲುಗುತ್ತದೆ, ಅದು ಅಡಿಗಲ್ಲನ್ನು ತಳ್ಳುತ್ತದೆ, ಅಡಿಗಲ್ಲು ರಿಕಾಪನ್ನು. ರಿಕಾಪಿನ ಪಾದ ಒಳಕಿವಿಯ ನೀರನ್ನು ಒತ್ತುತ್ತದೆ. ಪರದೆಯಲ್ಲಿ ಕೆಲಸಕ್ಕೆ ಬರುವ ಭಾಗ ಸುಮಾರು 55 ಚದರ ಮಿಲಿಮೀಟರು, ಸ್ಟೇಪಿಸ್‌ನ ಪಾದ ಬರೀ 3.2. ಅಂದರೆ ದೊಡ್ಡ ಜಾಗದ ಒತ್ತಡವೆಲ್ಲ ಹದಿನೇಳು ಪಾಲು ಚಿಕ್ಕ ಜಾಗಕ್ಕೆ ಬೀಳುತ್ತದೆ. ಅದರ ಮೇಲೆ ಮೂಳೆಗಳು ಸನ್ನೆಗೋಲಿನ ಹಾಗೆ ಕೆಲಸ ಮಾಡುವುದರಿಂದ ಇನ್ನೊಂದು 1.3 ಪಟ್ಟು. ಒಟ್ಟು ಸುಮಾರು 22 ಪಟ್ಟು. ಗಾಳಿಯಲ್ಲಿ ಬಂದ ಸದ್ದು ನೀರಿಗೆ ಇಳಿಯಬೇಕಾದರೆ ಈ ಜೋರು ಬೇಕೇ ಬೇಕು.

ಈ ಸರಪಳಿಯಲ್ಲಿ ಮೊದಲು ಸವೆಯುವ ಕೊಂಡಿ ಹೆಚ್ಚಾಗಿ ಇಂಕಸ್‌ನ ಉದ್ದ ಕಾಲಿನ ತುದಿಯೇ. ಅದು ಗಾಳಿಯಲ್ಲಿ ಜೋತು ಬಿದ್ದಿರುತ್ತದೆ, ತುದಿಗೆ ರಕ್ತ ತಲುಪುವುದೂ ಕಷ್ಟ. ಸೋಂಕು ಬಂದರೆ, ಪರದೆ ಒಳಸರಿದು ಅದರ ಮೇಲೆ ಕೂತರೆ, ತುದಿ ಕರಗಿ ಹೋಗುತ್ತದೆ.

512 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಎಡಗಿವಿಯ ಮುಂದೆ ಹಿಡಿದಾಗ ಕೇಳಿಸಿದ್ದಕ್ಕಿಂತ ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಜಾಸ್ತಿ ಕೇಳಿಸಿತು. ಹಣೆಗಿಟ್ಟರೆ ಸದ್ದು ಎಡಕ್ಕೆ, ಅಂದರೆ ಕೆಟ್ಟ ಕಿವಿಗೇ ಹೋಯಿತು. ಒಳಕಿವಿ, ನರ ಚೆನ್ನಾಗಿವೆ, ತೊಂದರೆ ಸದ್ದು ಸಾಗುವ ದಾರಿಯಲ್ಲಿದೆ ಅಂತ ಅರ್ಥ. ಆಡಿಯೋಗ್ರಾಂ, ಅಂದರೆ ಸದ್ದು ಎಷ್ಟು ಜೋರಿದ್ದರೆ ಕೇಳಿಸುತ್ತದೆ ಅನ್ನುವ ಅಳತೆ, ಅದನ್ನೇ ಅಂಕಿಗಳಲ್ಲಿ ಹೇಳಿತು. ಅಂಕಿ ಹೆಚ್ಚಿದಷ್ಟೂ ಕೇಳುವುದು ಕಡಿಮೆ. 500, 1000, 2000, 4000 ಹರ್ಟ್ಸ್‌ನಲ್ಲಿ ಗಾಳಿಯ ಮೂಲಕ 45, 45, 50, 60 ಡೆಸಿಬಲ್. ಮೂಳೆಯ ಮೂಲಕ 10, 10, 20, 20. ಸರಾಸರಿ ತೆಗೆದರೆ 50ಕ್ಕೆ 15, ನಡುವಿನ ಅಂತರ 35.

ಈ 35 ನೋಡಿ ನನಗೆ ಒಂದು ಗುಮಾನಿ. ಪರದೆ ಪೂರ್ತಿ ಇದ್ದು ಸರಪಳಿ ಸಂಪೂರ್ಣ ತುಂಡಾಗಿದ್ದರೆ ಅಂತರ 60 ಡೆಸಿಬಲ್ ತನಕ ಹೋಗಬಹುದು. ಇವರಿಗೆ ಅಷ್ಟಿಲ್ಲ. ಅದೂ ಅಲ್ಲದೆ ತಗ್ಗು ಸ್ವರಗಳಿಗಿಂತ ಎತ್ತರದ ಸ್ವರಗಳಲ್ಲಿ ನಷ್ಟ ಜಾಸ್ತಿ. ಎರಡು ಮೂಳೆಗಳ ನಡುವೆ ಮೂಳೆಯ ಬದಲು ನಾರಿನಂಥ ಎಳೆ ಉಳಿದಿದ್ದರೆ ಹೀಗಾಗುತ್ತದೆ. ನಿಧಾನದ ಕಂಪನವನ್ನು ಎಳೆ ಹೇಗೋ ದಾಟಿಸುತ್ತದೆ, ವೇಗದ ಕಂಪನಕ್ಕೆ ಸುಮ್ನೆ ಬಳುಕುತ್ತದೆ. ಆಕಳಿಸಿದಾಗ ನಡುಕಿವಿಯ ಒತ್ತಡ ಬದಲಾಗಿ ಎಳೆ ಬಿಗಿಯಾಗುತ್ತದೆ, ಒಂದು ಕ್ಷಣ ಕೇಳಿಸುತ್ತದೆ.

ಪರದೆ ಎಷ್ಟು ಸಲೀಸಾಗಿ ಅಲುಗುತ್ತದೆ ಅಂತ ಅಳೆಯುವ ಟಿಂಪನೋಗ್ರಾಂನಲ್ಲಿ ಶಿಖರ ಮಾಮೂಲಿಗಿಂತ ಎತ್ತರವಿತ್ತು. ಕೊಂಡಿ ಕಳಚಿದ್ದರೆ ಹಾಗೆ ಬರುತ್ತದೆ, ಬರೀ ಪರದೆ ತೆಳ್ಳಗಾಗಿದ್ದರೂ ಬರುತ್ತದೆ, ಹಾಗಾಗಿ ನಾನು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದ್ದು ಮುಖ್ಯವಾಗಿ ಒಳಗೆ ಕೊಲೆಸ್ಟಿಯಾಟೋಮಾ, ಅಂದರೆ ಮೂಳೆ ತಿನ್ನುವ ಚರ್ಮದ ಗಂಟು, ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಇರಲಿಲ್ಲ.

ಏನೇನು ದಾರಿಗಳಿದ್ದವು

ಮೊದಲು ಹಿಯರಿಂಗ್ ಏಡ್ ಬಗ್ಗೆ ಹೇಳಿದೆ. ಶಸ್ತ್ರಚಿಕಿತ್ಸಕರು ಇದನ್ನು ಬೇಗ ಬೇಗ ಹೇಳಿ ಮುಗಿಸುತ್ತೇವೆ, ಅದು ಸರಿಯಲ್ಲ. ಒಳಕಿವಿ ಗಟ್ಟಿಯಾಗಿರುವವರಿಗೆ ಹಿಯರಿಂಗ್ ಏಡ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅವರು ಎರಡು ತಿಂಗಳು ಹಾಕಿ ನೋಡಿ ವಾಪಸ್ ಬಂದರು. ಕೇಳಿಸಿತು, ಆದರೆ ಕಿವಿಯ ಒಳಗೆ ವಿಪರೀತ ತುರಿಕೆ. "ಸರಿ ಮಾಡೋಕೆ ಆಗುತ್ತೆ ಅಂದ್ರೆ ಸರಿ ಮಾಡಿಬಿಡಿ" ಅಂದರು.

ಸರಿ ಮಾಡುವುದಕ್ಕೆ ಮೂರು ದಾರಿ. ಒಂದು, ಇಂಕಸನ್ನು ಹೊರತೆಗೆದು, ಕೊರೆದು, ಬೇರೆ ಆಕಾರ ಕೊಟ್ಟು ಮ್ಯಾಲಿಯಸ್ ಮತ್ತು ಸ್ಟೇಪಿಸ್ ನಡುವೆ ಕೂರಿಸುವುದು. 1950ರ ದಶಕದಿಂದ ಇರುವ ಪದ್ಧತಿ, ಇವತ್ತಿಗೂ ನಂಬಿಕೆಯದು. ಎರಡು, ಟೈಟಾನಿಯಂನ ಪುಟ್ಟ ಕಂಬ ನೆಟ್ಟು ಪರದೆಯಿಂದ ನೇರ ಸ್ಟೇಪಿಸ್‌ಗೆ ಸಂಪರ್ಕ ಕೊಡುವುದು. ಮೂರು, ಇದ್ದ ಇಂಕಸನ್ನು ಇದ್ದಲ್ಲೇ ಬಿಟ್ಟು, ಹೋದ ತುದಿಯಷ್ಟನ್ನೇ ಸಿಮೆಂಟಿನಲ್ಲಿ ಕಟ್ಟುವುದು.

ಮೊದಲ ಎರಡರಲ್ಲಿ ಚೆನ್ನಾಗಿರುವ ಇಂಕಸನ್ನು ಅದರ ಜಾಗದಿಂದ ಕೀಳಬೇಕು ಇಲ್ಲವೇ ಕೆಲಸಕ್ಕೆ ಬಾರದ ಹಾಗೆ ಮಾಡಬೇಕು. ಈ ಮೂಳೆಯ ಉದ್ದ ಕಾಲೇ ಸುಮಾರು 7 ಮಿಲಿಮೀಟರು, ಅದರಲ್ಲಿ ತುದಿಯ ಒಂದೆರಡು ಹೋಗಿದೆ ಅಂತ ಇಡೀ ಮೂಳೆಯನ್ನು ಎತ್ತುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕುರ್ಚಿಯ ಒಂದು ಕಾಲಿನ ತುದಿ ಮುರಿದರೆ ಕುರ್ಚಿಯನ್ನೇ ಬಿಸಾಡುತ್ತೇವಾ? ಟೈಟಾನಿಯಂ ಕಂಬದ ತಲೆ ಪರದೆಗೆ ತಾಗಿಕೊಂಡಿರುವುದರಿಂದ ಇನ್ನೊಂದು ಅಪಾಯ: ವರ್ಷಗಳಲ್ಲಿ ಅದು ಪರದೆಯನ್ನು ಒತ್ತಿ ಒತ್ತಿ ಹೊರಗೆ ತಲೆ ಹಾಕಬಹುದು. ಇವರ ಪರದೆ ಮೊದಲೇ ತೆಳ್ಳಗಿದೆ.

ಆದರೂ ಸಿಮೆಂಟೇ ಹಾಕುತ್ತೇನೆ ಅಂತ ಮಾತು ಕೊಡಲಿಲ್ಲ. ಯಾವ ದಾರಿ ಅನ್ನುವುದು ಕಿವಿ ತೆರೆದು ನೋಡಿದ ಮೇಲೆಯೇ ಗೊತ್ತಾಗುವುದು. ಕೇಳಿಸುವುದು ಸುಧಾರಿಸದೆ ಇರಬಹುದು, ಅಪರೂಪಕ್ಕೆ ಇರುವ ಶ್ರವಣವೂ ಹೋಗಬಹುದು, ಕೆಲವು ವಾರ ನಾಲಿಗೆಯ ರುಚಿ ಕೆಡಬಹುದು, ಮುಖದ ನರ ಅಲ್ಲೇ ಹತ್ತಿರದಲ್ಲಿದೆ. ಇದೆಲ್ಲ ಹೇಳಿ, ಮೂರೂ ದಾರಿಗಳಿಗೆ ಒಪ್ಪಿಗೆ ಬರೆಸಿಕೊಂಡೆ.

ಸಿಮೆಂಟು ಅಂದರೆ ಯಾವುದು

ಸಿಮೆಂಟು ಅಂದ ಕೂಡಲೇ ಅವರು ನಕ್ಕರು, ಆಮೇಲೆ ಗಾಬರಿಯಾದರು. ಮಂಡಿ, ಸೊಂಟದ ಕೀಲು ಬದಲಿಸುವಾಗ ಹಾಕುವ ಸಿಮೆಂಟು ಬೇರೆ. ಅದು ಅಕ್ರಿಲಿಕ್. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಅದನ್ನು ಬಳಕೆಗೆ ತಂದರು. ಗಟ್ಟಿಯಾಗುವಾಗ ಅದು ಸಾಕಷ್ಟು ಬಿಸಿಯಾಗುತ್ತದೆ. ದೊಡ್ಡ ಮೂಳೆ ತಾಳಿಕೊಳ್ಳುತ್ತದೆ. ಒಳಕಿವಿಯ ಬಾಗಿಲಲ್ಲಿ ಆ ಬಿಸಿ ಬೇಡ.

ಕಿವಿಗೆ ಬಳಸುವುದು ಎರಡು ಬಗೆ. ಒಂದು ಗ್ಲಾಸ್ ಅಯೋನೋಮರ್. ಇದು ಹಲ್ಲಿನ ವೈದ್ಯರ ಮನೆಯಿಂದ ಬಂದ ನೆಂಟ: ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಹಲ್ಲಿಗಾಗಿ ಇದನ್ನು ಪ್ರಕಟಿಸಿದರು. ನುಣ್ಣನೆಯ ಗಾಜಿನ ಪುಡಿ, ಜೊತೆಗೆ ಆಮ್ಲದ ದ್ರಾವಣ. ಕಲಸಿದರೆ ಕೆಲವೇ ನಿಮಿಷಕ್ಕೆ ಗಟ್ಟಿ, ಬಿಸಿ ಬಹಳ ಕಡಿಮೆ. ಇದರ ದೊಡ್ಡ ಗುಣ ಏನಂದರೆ, ಮೂಳೆಯ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಸುಮ್ನೆ ಅಂಟಿಕೊಳ್ಳುವುದಲ್ಲ. ಇನ್ನೊಂದು ಹೈಡ್ರಾಕ್ಸಿಅಪಟೈಟ್ ಸಿಮೆಂಟು. ನಮ್ಮ ಮೂಳೆಯ ಖನಿಜಕ್ಕೆ ಹತ್ತಿರದ ವಸ್ತು, ಒಗ್ಗುವುದು ಸುಲಭ.

ಗ್ಲಾಸ್ ಅಯೋನೋಮರ್‌ಗೆ ಒಂದು ಕಪ್ಪು ಚುಕ್ಕೆಯೂ ಇದೆ. ಅದರ ಗಾಜಿನಲ್ಲಿ ಅಲ್ಯೂಮಿನಿಯಂ ಇದೆ. 1990ರ ದಶಕದಲ್ಲಿ ತಲೆಬುರುಡೆಯ ಮೂಳೆ ತುಂಬಲು ಇದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದಾಗ, ಅದು ಮಿದುಳ ದ್ರವಕ್ಕೆ ತಾಗಿ, ಅಲ್ಯೂಮಿನಿಯಂ ವಿಷವೇರಿ ರೋಗಿಗಳು ಸತ್ತ ವರದಿಗಳಿವೆ. ನಡುಕಿವಿಯಲ್ಲಿ ಹಾಕುವುದು ಗುಂಡುಸೂಜಿಯ ತಲೆಗಿಂತ ಚಿಕ್ಕ ಚೂರು, ಮಿದುಳ ದ್ರವದ ಸಂಪರ್ಕವೂ ಇಲ್ಲ. ಆದರೂ ಮಿದುಳ ಪೊರೆ ತೆರೆದಿರುವ ಕಿವಿಯಲ್ಲಿ ಇದನ್ನು ಮುಟ್ಟಬಾರದು. ಇವರ ಸ್ಕ್ಯಾನಿನಲ್ಲಿ ಮೇಲಿನ ಮೂಳೆಯ ಛಾವಣಿ ಗಟ್ಟಿಯಾಗಿದೆ ಅಂತ ನೋಡಿಕೊಂಡೇ ಮುಂದುವರಿದೆ.

ಟೇಬಲ್ ಮೇಲೆ

ಕಿವಿಗಷ್ಟೇ ಅರಿವಳಿಕೆ ಕೊಟ್ಟು, ಸ್ವಲ್ಪ ಮಂಪರಿನ ಔಷಧಿ ಕೊಟ್ಟು ಶುರು ಮಾಡಿದೆವು. ಕಿವಿಯ ನಾಳದ ಚರ್ಮವನ್ನು ಕತ್ತರಿಸಿ, ಪರದೆಯ ಜೊತೆಗೇ ಪುಸ್ತಕದ ಪುಟ ಮಗುಚುವ ಹಾಗೆ ಮುಂದಕ್ಕೆ ಮಗುಚಿದೆ. ನಾಲಿಗೆಯ ರುಚಿಯ ನರ ಅಡ್ಡ ಬಂತು. ಬಿಳಿ ದಾರದ ಹಾಗಿರುತ್ತದೆ. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅಂಚಿನ ಮೂಳೆಯನ್ನು ಒಂದಿಷ್ಟು ಕೆರೆದ ಮೇಲೆ ಜಾಗ ಪೂರ್ತಿ ಕಂಡಿತು.

ಗುಮಾನಿ ನಿಜವಾಗಿತ್ತು. ಇಂಕಸ್‌ನ ಮೊಂಡು ತುದಿ ಮೇಲೆ, ಸ್ಟೇಪಿಸ್‌ನ ತಲೆ ಕೆಳಗೆ, ಎರಡರ ನಡುವೆ ಬೂದು ಬಣ್ಣದ ಒಂದು ಎಳೆ. ಅಳತೆ ಗೊತ್ತಿರುವ ಕೊಕ್ಕೆಯನ್ನು ಪಕ್ಕದಲ್ಲಿ ಹಿಡಿದು ನೋಡಿದೆ: ಒಂದೂವರೆ ಮಿಲಿಮೀಟರು. ಮ್ಯಾಲಿಯಸ್ ತಟ್ಟಿದರೆ ಚೆನ್ನಾಗಿ ಅಲುಗುತ್ತದೆ. ಸ್ಟೇಪಿಸ್‌ನ ಎರಡೂ ಕಾಲು ಭದ್ರ, ಅದೂ ಅಲುಗುತ್ತದೆ. ಮುಖದ ನರದ ಮೇಲೆ ಮೂಳೆಯ ಹೊದಿಕೆ ಇದೆ. ಕೀವಿಲ್ಲ, ಊತವಿಲ್ಲ. ಸಿಮೆಂಟಿಗೆ ಇದಕ್ಕಿಂತ ಒಳ್ಳೆ ಕಿವಿ ಬೇಕಿಲ್ಲ.

ಇಲ್ಲೊಂದು ಗಳಿಗೆ ಕೈ ನಿಲ್ಲುತ್ತದೆ. ಆ ಎಳೆ ಎಷ್ಟೇ ದುರ್ಬಲವಾಗಿರಲಿ, ಇವರಿಗೆ ಈಗ ಕೇಳಿಸುತ್ತಿರುವುದು ಅದರ ಪುಣ್ಯದಿಂದಲೇ. ಅದನ್ನು ಕತ್ತರಿಸದೆ ಸಿಮೆಂಟು ಹಾಕಿದರೆ ಸಿಮೆಂಟು ಮೂಳೆಯನ್ನು ಹಿಡಿಯುವುದಿಲ್ಲ, ನಾರನ್ನು ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದರೆ ಹಿಂದಕ್ಕೆ ದಾರಿಯಿಲ್ಲ. ಕತ್ತರಿಸಿದೆ. ಸ್ಟೇಪಿಸ್ ಹಿಂದೆ ಒಂದು ಪುಟ್ಟ ಸ್ನಾಯುವಿನ ದಾರ ಕಟ್ಟಿಕೊಂಡಿದೆ. ಹಿಂದಿನಿಂದ ಮುಂದಕ್ಕೆ ಕೈಯಾಡಿಸಿದರೆ ಆ ದಾರ ಮೂಳೆಯನ್ನು ಹಿಡಿದುಕೊಳ್ಳುತ್ತದೆ. ಉಲ್ಟಾ ಎಳೆದರೆ ಪಾದವೇ ಕಿತ್ತು ಬರಬಹುದು.

ಆಮೇಲೆ ಇಂಕಸ್ ತುದಿಯ ಎರಡು ಮಿಲಿಮೀಟರು ಮತ್ತು ಸ್ಟೇಪಿಸ್‌ನ ತಲೆಯ ಮೇಲಿನ ಲೋಳೆಪೊರೆಯನ್ನು ಸೂಜಿಯಿಂದ ಕೆರೆದು ತೆಗೆದೆ, ಬಿಳಿ ಮೂಳೆ ಕಾಣುವ ತನಕ. ಆಪರೇಷನ್ನಿನಲ್ಲಿ ಜಾಸ್ತಿ ಹೊತ್ತು ತಿಂದದ್ದು ಈ ಕೆಲಸವೇ. ಸುಣ್ಣ ಬಳಿಯುವ ಮುಂಚೆ ಗೋಡೆ ಕೆರೆಯುವುದು ಇರುತ್ತದಲ್ಲ, ಅದೇ. ಕೆರೆದರೆ ರಕ್ತ ಜಿನುಗುತ್ತದೆ, ಜಿನುಗಿದರೆ ಸಿಮೆಂಟು ಹಿಡಿಯುವುದಿಲ್ಲ. ಅಡ್ರಿನಲಿನ್‌ನಲ್ಲಿ ನೆನೆಸಿದ ಹತ್ತಿ ಇಟ್ಟು ಕಾದೆವು. ಸ್ಟೇಪಿಸ್‌ನ ಕಾಲುಗಳ ಸುತ್ತ, ಪಾದದ ಸುತ್ತ ಜೆಲ್‌ಫೋಮ್, ಅಂದರೆ ಮೈಯಲ್ಲೇ ಕರಗುವ ಸ್ಪಂಜಿನ, ಚೂರುಗಳನ್ನು ತುರುಕಿದೆ. ಸಿಮೆಂಟು ಕೆಳಕ್ಕೆ ಹರಿದರೆ ತಡೆಯಲಿ ಅಂತ.

ಈ ಎಚ್ಚರ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಕಿವಿಯಲ್ಲಿ ನಾನು ಸಿಮೆಂಟನ್ನು ಧಾರಾಳವಾಗಿ ಹಾಕಿದ್ದೆ. ಗಟ್ಟಿಯಾಗಿ ಕೂರಲಿ ಅನ್ನುವ ಆಸೆ. ಮೂರು ತಿಂಗಳಾದರೂ ಆಡಿಯೋಗ್ರಾಂ ಒಂದು ಚೂರೂ ಸುಧಾರಿಸಲಿಲ್ಲ. ಮತ್ತೆ ತೆರೆದು ನೋಡಿದರೆ ಸಿಮೆಂಟು ಇಳಿದು ಸ್ಟೇಪಿಸನ್ನು ಪಕ್ಕದ ಗೋಡೆಗೇ ಅಂಟಿಸಿಬಿಟ್ಟಿತ್ತು. ಜೋಡಣೆ ಬಲು ಭದ್ರ, ಅಲುಗಾಟ ಸೊನ್ನೆ. ಅಂದಿನಿಂದ ಕಡಿಮೆ ಹಾಕುವುದನ್ನು ಕಲಿತೆ.

ಪುಡಿ, ದ್ರವ ಕಲಸಲು ನರ್ಸಿಗೆ ಹೇಳಿದೆ. ಕಲಸಿದ್ದನ್ನು ಸೂಜಿಯ ತುದಿಯಿಂದ ಎತ್ತಿದರೆ ಮೊದಲು ತೊಟ್ಟಿಕ್ಕುತ್ತದೆ, ಸ್ವಲ್ಪ ಹೊತ್ತಿಗೆ ಜೇನಿನ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಎಳೆ ಬರುವ ಆ ಅರ್ಧ ನಿಮಿಷವೇ ಹಾಕುವ ಹೊತ್ತು. ಸೂಜಿ ಒಳಗೆ ಹೋಗುವಷ್ಟರಲ್ಲಿ ಸ್ಟೇಪಿಸ್ ಪಕ್ಕದಲ್ಲಿ ಒಂದು ಕೆಂಪು ಹನಿ ಮೂಡಿತು. ಅದನ್ನು ಒರೆಸಿ ನೋಡುವಷ್ಟರಲ್ಲಿ ಸಿಮೆಂಟು ಮಂಕಾಗಿ ಗಟ್ಟಿಯಾಗತೊಡಗಿತ್ತು. "ಬಿಸಾಡಿ, ಇನ್ನೊಂದು ಕಲಸಿ" ಅಂದೆ. ಮೊದಲ ಕಲಸನ್ನು ಹೇಗಾದರೂ ಹಾಕಿಬಿಡೋಣ ಅನ್ನಿಸುವುದು ಸಹಜ. ಮಂಕಾದದ್ದು ಮೂಳೆಗೆ ಬೆಸೆಯುವುದಿಲ್ಲ.

ಎರಡನೇ ಕಲಸಿನಲ್ಲಿ ಒಂದು ಹನಿ ಇಂಕಸ್ ತುದಿಗೆ, ಒಂದು ಸ್ಟೇಪಿಸ್ ತಲೆಗೆ, ನಡುವೆ ಎಳೆದು ಸೇರಿಸಿದೆ. ಸೂಜಿ ಹೊರತೆಗೆದೆ. ಆಮೇಲೆ ಏಳು ನಿಮಿಷ ಯಾರೂ ಏನೂ ಮಾಡುವ ಹಾಗಿಲ್ಲ. ಸಕ್ಷನ್ ಹತ್ತಿರ ತರಬಾರದು, ನೀರು ಹಾಕಬಾರದು, ಮುಟ್ಟಿ ನೋಡಬಾರದು. ಟ್ರೇಯಲ್ಲಿ ಉಳಿದ ಸಿಮೆಂಟನ್ನು ಚುಚ್ಚಿ ನೋಡುತ್ತಾ ಕೂತೆವು. ಅದು ಕಲ್ಲಾದ ಮೇಲೂ ಎರಡು ನಿಮಿಷ ಕಾದೆ, ಅಷ್ಟೇ.

ಜೆಲ್‌ಫೋಮ್ ತೆಗೆದು ಮ್ಯಾಲಿಯಸನ್ನು ಮೆಲ್ಲಗೆ ತಟ್ಟಿದೆ. ಸ್ಟೇಪಿಸ್ ಜೊತೆಗೇ ಅಲುಗಿತು. ಒಳಕಿವಿಯ ದುಂಡು ಕಿಟಕಿಯ ಬಳಿ ನಿಂತಿದ್ದ ತೇವದ ಮೇಲೆ ಬೆಳಕಿನ ಚುಕ್ಕೆ ಮಿಣುಕಿತು. ಅಂದರೆ ಅಲೆ ಒಳಕಿವಿಯನ್ನು ದಾಟಿ ಆಚೆ ತಲುಪಿದೆ. ಆ ಮಿಣುಕನ್ನು ಮೂರು ಸಲ ನೋಡಿದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತುದಿ ಸವೆಸಿದ್ದೇ ಒಳಸರಿದ ಪರದೆ. ಅದನ್ನು ಹಾಗೇ ಬಿಟ್ಟರೆ ಮತ್ತೆ ಬಂದು ಸಿಮೆಂಟಿನ ಮೇಲೆ ಕೂರುತ್ತದೆ. ಕಿವಿಯ ಮುಂದಿರುವ ಮೃದ್ವಸ್ಥಿಯ ಒಂದು ತೆಳು ಹೋಳು ತೆಗೆದು ಪರದೆಯ ಒಳಬದಿಗೆ ಆಸರೆಯಾಗಿಟ್ಟು, ಪುಟವನ್ನು ವಾಪಸ್ ಮಗುಚಿದೆ.

ಹತ್ತಿ ತುಂಬುವ ಮುಂಚೆ ಅವರೇ ಮಂಪರಿನಲ್ಲಿ ಕೇಳಿದರು, "ಯಾರೋ ಸ್ಪೂನ್ ಬೀಳಿಸಿದ್ರಾ?" ಟ್ರೇಯಲ್ಲಿ ಸಲಕರಣೆ ಇಟ್ಟ ಸದ್ದು. ನರ್ಸಿಗೆ ಖುಷಿಯೋ ಖುಷಿ. ಟೇಬಲ್ ಮೇಲೆ ಕೇಳಿಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಲಗಿವಿ ಚೆನ್ನಾಗಿದೆಯಲ್ಲ, ಅದು ಕೇಳಿರಬಹುದು.

ಆಮೇಲೆ

ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಕಿವಿಗೆ ನೀರು ತಾಗಿಸಬೇಡಿ, ನಾನು ಹೇಳುವ ತನಕ ವಿಮಾನ ಹತ್ತಬೇಡಿ. ಇಷ್ಟೇ ಪಥ್ಯ. ನಾಲಿಗೆಯ ಎಡಬದಿಯಲ್ಲಿ ಲೋಹದ ರುಚಿ ಇದೆ ಅಂತ ಮೊದಲ ವಾರ ಹೇಳಿದರು. ಆರು ವಾರದಲ್ಲಿ ಹೋಯಿತು. ಮೊದಲ ತಿಂಗಳು ಕಿವಿ ಮುಚ್ಚಿದ ಹಾಗೇ ಇತ್ತು. "ಮುಂಚೆಗಿಂತ ಕಡಿಮೆ ಆಯ್ತಾ ಅಂತ ಭಯ ಆಗ್ತಿದೆ" ಅಂದರು. ಒಳಗೆ ಉಳಿದ ಜೆಲ್‌ಫೋಮ್ ಚೂರುಗಳು ಕರಗುವ ತನಕ ಹಾಗೇ ಇರುತ್ತದೆ ಅಂತ ಹೇಳಿದೆ. ಒಳಗೊಳಗೆ ನನಗೂ ಹಳೆಯ ಆ ಅಂಟಿಕೊಂಡ ಕಿವಿ ನೆನಪಾಗುತ್ತಿತ್ತು.

ಮೂರನೇ ತಿಂಗಳ ಆಡಿಯೋಗ್ರಾಂ: ಗಾಳಿಯ ಮೂಲಕ 20, 20, 30, 40. ಮೂಳೆಯ ಅಂಕಿ ಮೊದಲಿನಂತೆಯೇ, ಅಂದರೆ ಒಳಕಿವಿಗೆ ಪೆಟ್ಟಾಗಿಲ್ಲ. ಸರಾಸರಿ 50ರಿಂದ 27.5ಕ್ಕೆ ಇಳಿಯಿತು, ಅಂತರ 35ರಿಂದ 12.5ಕ್ಕೆ. ಇಂಥ ಆಪರೇಷನ್ನುಗಳಲ್ಲಿ ಅಂತರ 20 ಡೆಸಿಬಲ್ ಒಳಗೆ ಬಂದರೆ ಯಶಸ್ಸು ಅಂತ ಬರೆಯುವುದು ರೂಢಿ. ಒಂದು ವರ್ಷಕ್ಕೆ ಮತ್ತೆ ನೋಡಿದಾಗ 25, 20, 30, 45, ಅಂತರ 15. ಸ್ವಲ್ಪ ಜಾರಿದೆ. 4000 ಹರ್ಟ್ಸ್ ಪೂರ್ತಿ ಸರಿಹೋಗಿಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ. ಪರದೆಗೆ ಆಸರೆ ಕೊಟ್ಟ ಮೃದ್ವಸ್ಥಿಯೂ ಒಂದಿಷ್ಟು ಭಾರ, ಎತ್ತರದ ಸ್ವರಕ್ಕೆ ಅದು ತೊಡಕಾಗಿರಬಹುದು.

ಇದೇ ಉಪಾಯ ಎಲ್ಲ ಕಿವಿಗೂ ನಡೆಯುವುದಿಲ್ಲ. ಇಂಕಸ್‌ನ ಕಾಲು ಅರ್ಧದಷ್ಟು ಹೋಗಿದ್ದರೆ ನಾನು ಸಿಮೆಂಟಿನ ಸೇತುವೆ ಕಟ್ಟುವುದಿಲ್ಲ. ಉದ್ದ ಸೇತುವೆ ನಡುವೆ ಮುರಿಯುತ್ತದೆ. ಸ್ಟೇಪಿಸ್‌ನ ಕಾಲುಗಳೇ ಇಲ್ಲದಿದ್ದರೆ, ಮ್ಯಾಲಿಯಸ್ ಅಂಟಿಕೊಂಡಿದ್ದರೆ ಬೇರೆ ದಾರಿಯೇ ಲೇಸು. ಸೋರುವ ಕಿವಿಯಲ್ಲಿ ಒಣ ಮೂಳೆ ಸಿಗುವುದಿಲ್ಲ. ಕೊಲೆಸ್ಟಿಯಾಟೋಮಾ ತಾಗಿದ ಇಂಕಸನ್ನು ಉಳಿಸುವ ಆಸೆಯೇ ಬೇಡ, ಅದರ ಮೂಲೆಯಲ್ಲಿ ರೋಗ ಉಳಿದುಬಿಡುತ್ತದೆ. ಸರಿಯಾದ ಕಿವಿಯಲ್ಲಿ ಹಾಕಿದ್ದೂ ಮುಂದೊಂದು ದಿನ ಬಿರುಕು ಬಿಡಬಹುದು. ಆಗ ಟೈಟಾನಿಯಂನ ದಾರಿ ಮುಚ್ಚಿರುವುದಿಲ್ಲ. ಸಿಮೆಂಟನ್ನು ಮೊದಲು ಯತ್ನಿಸಲು ನನಗೆ ಧೈರ್ಯ ಕೊಡುವುದು ಇದೇ.

ತರಗತಿಯಲ್ಲಿ ಈಗ ಎಡಗಡೆಯ ಮಗು ಮಾತಾಡಿದರೆ ಎಡಕ್ಕೇ ತಿರುಗುತ್ತೇನೆ ಅಂದರು. ಆಕಳಿಸಿದರೆ ಏನೂ ಬದಲಾಗುವುದಿಲ್ಲವಂತೆ. ಬಲಗಿವಿಯ ಪರದೆಯೂ ಮೇಲ್ಭಾಗದಲ್ಲಿ ತುಸು ಒಳಸರಿದಿರುವುದು ಕಳೆದ ಸಲ ಕಾಣಿಸಿತು. ಇಂಕಸ್‌ನ ತುದಿಯನ್ನು ಅದು ಇನ್ನೂ ಮುಟ್ಟಿಲ್ಲ. ಆರು ತಿಂಗಳಿಗೊಮ್ಮೆ ಬಂದು ಎರಡೂ ಕಿವಿ ತೋರಿಸಲು ಹೇಳಿದ್ದೇನೆ.